ಖಾಲಿ ರಸ್ತೆಯಲ್ಲಿ ಕಲಿತ ಡ್ರೈವಿಂಗ್

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕೊರೊನಾ ಕಾಲದ ಎರಡು ಮೀಟರ್ ಅಂತರ ಎಲ್ಲಿಂದ ತರಬೇಕು? ಕಲಿಸುವವರು ಪಕ್ಕದಲ್ಲೇ ಕೂರಬೇಕು, ಅವರ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. 2020ರ ಮಾರ್ಚ್ 25ಕ್ಕೆ ನಮ್ಮ ದೇಶದಲ್ಲಿ ಲಾಕ್‌ಡೌನ್ ಬಂದಾಗ ಈ ಕಲಿಕೆ ನಿಂತಿತು. ಬ್ರಿಟನ್ನಿನಲ್ಲಿ ಲೈಸೆನ್ಸ್ ಇದ್ದವರಿಗೇ ಇನ್ನಷ್ಟು ಚೊಕ್ಕವಾಗಿ ಓಡಿಸಲು ಕಲಿಸುವ ಸ್ವಯಂಸೇವಕರ ಗುಂಪುಗಳೂ ಜೊತೆಗೆ ಕೂತು ಕಲಿಸುವುದನ್ನು ಬಿಟ್ಟು ವಿಡಿಯೋ ಕರೆಗೆ ಬಂದವು. ನಮ್ಮಲ್ಲಿ ಅವಧಿ ಮುಗಿದ ಲೈಸೆನ್ಸುಗಳನ್ನು ಕೇಂದ್ರ ಸರ್ಕಾರ ಕಂತುಕಂತಾಗಿ 2021ರ ಅಕ್ಟೋಬರ್ 31ರವರೆಗೂ ಚಾಲ್ತಿಯಲ್ಲಿಟ್ಟಿತು. ಕಾಗದಕ್ಕೆ ಆಯುಷ್ಯ ಸಿಕ್ಕಿತು. ಕೈಗೆ ರೂಢಿ?

ದೇಶದಲ್ಲಿ 2019ರಲ್ಲಿ 4,49,002 ರಸ್ತೆ ಅಪಘಾತ, 1,51,113 ಸಾವು. 2020ರಲ್ಲಿ 3,66,138 ಅಪಘಾತ, 1,31,714 ಸಾವು. ಎರಡೂ ಇಳಿದವು ನಿಜ, ಆದರೆ ನೂರು ಅಪಘಾತಕ್ಕೆ ಸಾಯುವವರು ಸುಮಾರು 34ರಿಂದ 36ಕ್ಕೆ ಏರಿದರು. ಖಾಲಿ ರಸ್ತೆ ಕಂಡರೆ ಆಕ್ಸಿಲರೇಟರ್ ಮೇಲಿನ ಕಾಲು ತಡೆಯುವುದಿಲ್ಲ.

ಆ ಲಾಕ್‌ಡೌನಿನಲ್ಲಿ ವಿಜಯಪುರದ ಬಿಕೋ ಎನ್ನುವ ಬೀದಿಗಳಲ್ಲಿ ಅಪ್ಪನನ್ನೋ ಕಾಕಾನನ್ನೋ ಪಕ್ಕ ಕೂರಿಸಿಕೊಂಡು ಕಲಿತ ತಮ್ಮ-ತಂಗಿಯರೇ, ತಿಕೋಟಾ ದಾಟಿ ಅಥಣಿ ಕಡೆಗೋ, ಬಬಲೇಶ್ವರ ದಾಟಿ ಜಮಖಂಡಿ ಕಡೆಗೋ ಹೊರಟಾಗ ಕಬ್ಬಿನ ಹಂಗಾಮಿನ ರಾತ್ರಿ ಲಕ್ಷ್ಯದಲ್ಲಿರಲಿ. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿಗೆ ಹಿಂದೆ ಕೆಂಪು ದೀಪ ಇಲ್ಲದಿದ್ದರೆ ತೀರಾ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಹೆಡ್‌ಲೈಟ್ ಬೀಳುವಷ್ಟು ದೂರದೊಳಗೆ ಗಾಡಿ ನಿಲ್ಲುವ ವೇಗವೇ ನಿಮ್ಮ ವೇಗ. ಅದನ್ನು ಲಾಕ್‌ಡೌನಿನ ರಸ್ತೆ ಕಲಿಸಲಿಲ್ಲ. ನಾಚಿಕೆ ಬೇಡ, ಲೈಸೆನ್ಸ್ ಇದ್ದರೂ ಮತ್ತೆ ಡ್ರೈವಿಂಗ್ ಸ್ಕೂಲಿಗೆ ಹೋಗಿ, ರಾತ್ರಿಯ ಪಾಠ ಕೇಳಿ ಪಡೆಯಿರಿ.