ಸೊಂಟದ ಮೇಲಿನ ಗೊಂಬೆ

ಚನ್ನಪಟ್ಟಣದ ಅರಗಿನ ಗೊಂಬೆ ನಮ್ಮ ಕೇರಿಯೊಳಕ್ಕೆ ಬಂದದ್ದೇ ಇಲ್ಲ. ನಾವು ಗಂಡುಹೈಕಳು ಜೋಳದ ದಂಟು ಸಿಗಿದು ಗಾಡಿ ಮಾಡ್ಕೊಂಡ್ವಿ, ಹಳೇ ಸೈಕಲ್ ಟೈರು ಉರುಳಿಸ್ಕೊಂಡು ಊರಾಚೆ ಓಡಿದ್ವಿ. ನಮ್ಮ ಆಟಕ್ಕೆಲ್ಲ ಚಕ್ರ ಇತ್ತು ನೋಡಿ. ಹೆಣ್ಣುಹೈಕಳದು ಕೂತಲ್ಲೇ ಆಟ: ಕಲ್ಲಾಟ, ಮಣ್ಣಿನ ಕುಡಿಕೆ, ಸುಳ್ಳುಸುಳ್ಳೇ ಅಡುಗೆ. ಅದೂ ಎಷ್ಟು ದಿನ? ಏಳು ತುಂಬೋದರೊಳಗೆ ನಿಜವಾದ ಒಲೆ, ನಿಜವಾದ ಕೂಸು.

ಮೇಲಿನ ಬೀದಿಯಲ್ಲಿ ದಸರಾ ಗೊಂಬೆ ಕೂರಿಸೋರು. ಆ ಮನೆಗಳ ಹೆಣ್ಣಿಗೂ ಪಟ್ಟದ ಗೊಂಬೆ ಅಂತ ರಾಜ-ರಾಣಿ ಜೋಡಿ ಸಿಗ್ತಿದ್ದದ್ದು ಮದುವೆಯಲ್ಲೇ.

ನಮ್ಮಕ್ಕನ ಗೊಂಬೆ ನಾನೇ. ಅವ್ವ ಕೂಲಿಗೆ ಹೋದರೆ ಅಕ್ಕನ ಸೊಂಟವೇ ನನಗೆ ತೊಟ್ಟಿಲು. ನನ್ನ ಎತ್ತಿಕೊಂಡೇ ಇಸ್ಕೂಲಿಗೆ ಹೋದಳು. ಕೂಸು ಅಳ್ತದೆ, ಆಚೆ ನಿಂತ್ಕೋ ಅಂದರಂತೆ ಮೇಷ್ಟ್ರು. ಅಕ್ಕನ ಓದು ಎರಡನೇ ಕ್ಲಾಸಿಗೇ ನಿಂತಿತು. ಆ ಕೂಸು ಓದಿತು. ಇದನ್ನ ಬರೀತಿರೋದು ಅದೇ.

ನಮ್ಮ ಸೀಮೆಯ ಟಿ. ನರಸೀಪುರದಲ್ಲಿ ಅಂಗನವಾಡಿ ಶುರುವಾದದ್ದು 1975ರಲ್ಲಿ. ಚಿಕ್ಕ ಮಕ್ಕಳನ್ನ ಬಿಡೋಕೆ ಒಂದು ಜಾಗ, ಅಷ್ಟೆ. ನಮ್ಮ ಕೇರಿಗೆ ಅದು ಬರೋ ಹೊತ್ತಿಗೆ ಅಕ್ಕನ ಸೊಂಟದ ಮೇಲೆ ಅವಳದೇ ಕೂಸಿತ್ತು.