ಮೈದಾನವೂ ಒಂದು ಪಾಠಶಾಲೆ

ಕಳೆದ ಆಷಾಢದ ಒಂದು ಗುರುವಾರ ಬೆಳಿಗ್ಗೆ ನಮ್ಮ ಮೊಮ್ಮಗನು ಹೊಟ್ಟೆನೋವೆಂದು ಮಲಗಿಬಿಟ್ಟನು. ಏಳನೆಯ ತರಗತಿಯ ಹುಡುಗ, ಓದಿನಲ್ಲಿ ಹಿಂದುಳಿದವನಲ್ಲ. ಸೊಸೆಯು ಓಮಿನ ಕಷಾಯ ಮಾಡಿಕೊಟ್ಟಳು. ಹಿಂದಿನ ಗುರುವಾರವೂ ಇದೇ ನೋವು ಬಂದಿದ್ದುದು ನೆನಪಾಗಿ, ನಾವು ಅವನ ವೇಳಾಪಟ್ಟಿಯನ್ನು ತೆಗೆದು ನೋಡಿದೆವು. ಗುರುವಾರ ದೈಹಿಕ ಶಿಕ್ಷಣದ ಅವಧಿ. ಬಳಿಯಲ್ಲಿ ಕುಳ್ಳಿರಿಸಿಕೊಂಡು ವಿಚಾರಿಸಿದಾಗ ಹುಡುಗನು ತಲೆ ತಗ್ಗಿಸಿದನು. “ತಾತ, ಟೀಮ್ ಮಾಡುವಾಗ ನನ್ನನ್ನ ಯಾರೂ ಕರೆಯಲ್ಲ. ಕೊನೇಲಿ ನಾನೊಬ್ಬನೇ ನಿಂತಿರ್ತೀನಿ” ಎಂದನು.

ಆ ಮಾತು ನಮ್ಮನ್ನು 1973ರ ಕಡೆಗೆ ಒಯ್ದಿತು. ಆಗ ನಾವು ಮೈಸೂರಿನಲ್ಲಿ ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಿದ್ದೆವು. ಶಬ್ದರೂಪಗಳನ್ನು ತಡವರಿಸದೆ ಒಪ್ಪಿಸುತ್ತಿದ್ದ ನಮಗೆ ಖೋ-ಖೋ ಅಂಕಣದಲ್ಲಿ ಕಾಲೇ ಏಳುತ್ತಿರಲಿಲ್ಲ. ಡ್ರಿಲ್ ಮೇಷ್ಟರು ತರಗತಿಯ ಅತ್ಯಂತ ಚುರುಕಾದ ಹುಡುಗನನ್ನು ತೋರಿಸಿ, “ಅವನನ್ನು ನೋಡಿ ಕಲಿ” ಎನ್ನುತ್ತಿದ್ದರು. ನೋಡಿದಷ್ಟೂ ಅದು ನಮ್ಮಿಂದಾಗದೆಂಬ ಭಾವವೇ ಬಲಿಯುತ್ತಿತ್ತು. ಕಡೆಗೆ ನಮಗೆ ಕಲಿಸಿದವನು ವಿದ್ಯಾರ್ಥಿನಿಲಯದಲ್ಲಿ ನಮಗಿಂತ ಒಂದು ವರ್ಷ ಹಿರಿಯನಾಗಿದ್ದ ಹುಡುಗ. ಹಿಂದಿನ ವರ್ಷ ಅವನೂ ನಮ್ಮಂತೆಯೇ ಎಡವಿ ನಗೆಗೀಡಾದವನು. ಸಂಜೆಯ ಹೊತ್ತು ನಮ್ಮನ್ನು ಕುಕ್ಕರಗಾಲಿನಲ್ಲಿ ಕೂರಿಸಿ, ಬೆನ್ನಿನ ಮೇಲೆ ಕೈ ಬಿದ್ದು “ಖೋ” ಎಂದು ಕೇಳಿದ ಕ್ಷಣವೇ ಹೇಗೆ ಮೇಲೇಳಬೇಕೆಂಬುದನ್ನು ತಾನೇ ಮಾಡಿ ತೋರಿಸಿದನು. ಇವನಿಗೆ ಸಾಧ್ಯವಾದುದು ನಮಗೇಕೆ ಸಾಧ್ಯವಾಗದು ಎಂಬ ಧೈರ್ಯ ಅಂದು ಮೊದಲ ಬಾರಿಗೆ ಹುಟ್ಟಿತು.

ಕೆನಡಾದಲ್ಲಿ ಜನಿಸಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ (1925–2021) ಅವರು ಇದನ್ನೇ ಶಾಸ್ತ್ರವಾಗಿ ನಿರೂಪಿಸಿದ್ದಾರೆ. ಮನುಷ್ಯನು ಪರರನ್ನು ನೋಡಿಯೂ ಕಲಿಯುತ್ತಾನೆ. ಅದಕ್ಕೆ ಗಮನ, ಧಾರಣೆ, ಅನುಷ್ಠಾನ, ಪ್ರೇರಣೆ ಎಂಬ ನಾಲ್ಕು ಅಂಗಗಳು ಕೂಡಿಬರಬೇಕು. ತನ್ನಂತೆಯೇ ಇರುವವನೊಬ್ಬನು ಪ್ರಯತ್ನದಿಂದ ಗೆದ್ದುದನ್ನು ಕಂಡಾಗ ತನ್ನ ಸಾಮರ್ಥ್ಯದಲ್ಲಿ ನಂಬಿಕೆ ಮೂಡುತ್ತದೆ ಎಂಬುದು ಅವರ ವಿಚಾರದ ತಿರುಳು. ನಮ್ಮ ಮೈಸೂರಿನ ಗರಡಿಮನೆಗಳಲ್ಲಿ ಈ ಕ್ರಮ ಹಿಂದಿನಿಂದಲೂ ಇದೆ. ಕಿರಿಯನು ಕೆಮ್ಮಣ್ಣಿನ ಅಖಾಡದ ಅಂಚಿನಲ್ಲಿ ನಿಂತು ಹಿರಿಯರ ಸಾಮು ನೋಡುತ್ತಾನೆ. ಬಳಿಕ ತನಗಿಂತ ತುಸು ಬಲ್ಲವನೊಡನೆ ಕೈ ಹಿಡಿಯುತ್ತಾನೆ. ಮೊದಲ ದಿನವೇ ಅವನನ್ನು ದಸರಾ ಪೈಲ್ವಾನನ ಎದುರು ಯಾರೂ ನಿಲ್ಲಿಸುವುದಿಲ್ಲ.

ಇಷ್ಟು ಬಲ್ಲ ನಾವೂ ತಪ್ಪಿತಸ್ಥರೇ ಎಂಬುದನ್ನು ಓದುಗರಲ್ಲಿ ಮುಚ್ಚಿಡಲಾರೆವು. ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತ ಅಧ್ಯಾಪಕರಾಗಿದ್ದಾಗ, ಪರೀಕ್ಷೆ ಸಮೀಪಿಸಿದೊಡನೆ ಆಟದ ಅವಧಿಗಳನ್ನು ನಾವೇ ಕೇಳಿ ಪಡೆಯುತ್ತಿದ್ದೆವು. ಪಾಠದಲ್ಲಿ ಹಿಂದುಳಿದ, ಆದರೆ ಮೈದಾನದಲ್ಲಿ ಮಾತ್ರ ಇತರರಿಗೆ ಕಲಿಸಬಲ್ಲವನಾಗಿದ್ದ ಹುಡುಗನೊಬ್ಬನು ಆ ದಿನಗಳಲ್ಲಿ ಕಿಟಕಿಯ ಕಡೆಗೇ ನೋಡುತ್ತ ಕುಳಿತಿರುತ್ತಿದ್ದನು. ಅವನಿಗೆ ಗೌರವ ದೊರೆಯುತ್ತಿದ್ದ ಒಂದೇ ಒಂದು ಅವಧಿಯನ್ನು ನಾವು ಕಸಿದುಕೊಂಡಿದ್ದೆವು. ಮೊಮ್ಮಗನ ಹೊಟ್ಟೆನೋವು ಬಂದ ಮೇಲೆಯೇ ಇದು ನಮಗೆ ಅರಿವಾದುದು.

ಅವನ ಶಾಲೆಯ ದೈಹಿಕ ಶಿಕ್ಷಕರನ್ನು ಕಂಡು ಮಾತನಾಡಿದೆವು. ಅವರು ಸಹೃದಯರು. ನಾಯಕರು ಒಬ್ಬೊಬ್ಬರನ್ನಾಗಿ ಕರೆದು ತಂಡ ಕಟ್ಟುವ ಪದ್ಧತಿಯನ್ನು ಬಿಟ್ಟು, ತಾವೇ ಸಂಖ್ಯೆ ಹೇಳಿಸಿ ತಂಡ ಮಾಡತೊಡಗಿದರು. ಪ್ರತಿಯೊಬ್ಬ ಹೊಸಬನಿಗೂ ಅವನಿಗಿಂತ ಸ್ವಲ್ಪವೇ ಮುಂದಿರುವ ಜೊತೆಗಾರನನ್ನು ಗೊತ್ತುಮಾಡಿದರು. ಯಾರು ಮೊದಲು ಬಂದರು ಎಂಬುದಕ್ಕಿಂತ, ಯಾರು ಹಿಂದಿನ ವಾರಕ್ಕಿಂತ ಮುಂದುವರಿದರು ಎಂಬುದನ್ನು ಎತ್ತಿ ಹೇಳಿದರು.

ಮನೆಯಲ್ಲಿ ನಾವು ಅವನಿಗೆ ಬಿ. ಚೈತ್ರಾ ಅವರ ವಿಷಯ ಹೇಳಿದೆವು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದ ಆಕೆ ನಮ್ಮ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. “ನಮ್ಮ ಕಡೆಯೋರೇನಾ ತಾತ?” ಎಂದು ಹುಡುಗನು ಕಣ್ಣರಳಿಸಿದನು. ದೂರದ ದೇಶದ ಪದಕವಿಜೇತರ ಕಥೆ ಮಾಡದ ಕೆಲಸವನ್ನು ನೆರೆಯೂರಿನ ಹೆಸರೊಂದು ಮಾಡಿತು.

ಮೊಮ್ಮಗನು ಇಂದಿಗೂ ಚುರುಕಾದ ಆಟಗಾರನೇನೂ ಆಗಿಲ್ಲ. ಆದರೆ ಗುರುವಾರದ ಹೊಟ್ಟೆನೋವು ನಿಂತಿದೆ. ಮೊನ್ನೆ ಮಂಡಿ ತರಚಿಕೊಂಡು ಬಂದವನು, ಆರನೆಯ ತರಗತಿಯ ಹುಡುಗನೊಬ್ಬನಿಗೆ ತಾನು “ಖೋ” ಕೊಡುವುದನ್ನು ಹೇಳಿಕೊಟ್ಟೆನೆಂದು ಹೆಮ್ಮೆಯಿಂದ ನುಡಿದನು.

ತಾಯಂದಿರಲ್ಲಿಯೂ ತಂದೆಯರಲ್ಲಿಯೂ ನಮ್ಮದೊಂದು ವಿನಂತಿ. ಮಗು ಮೈದಾನದಿಂದ ಮರಳಿದಾಗ ಗೆದ್ದೆಯೋ ಸೋತೆಯೋ ಎಂದು ಕೇಳುವ ಮೊದಲು, ಇಂದು ಯಾರಿಂದ ಏನು ಕಲಿತೆ, ಯಾರಿಗೆ ಏನು ಕಲಿಸಿದೆ ಎಂದು ಕೇಳಿರಿ. ಅಧ್ಯಾಪಕ ಬಂಧುಗಳೇ, ಆಟದ ಅವಧಿಯನ್ನು ಪಾಠಕ್ಕಾಗಿ ಬೇಡದಿರಿ. ನಾವು ಬೇಡಿ ಪಡೆದ ಅವಧಿಗಳನ್ನು ಆ ಹುಡುಗನಿಗೆ ಹಿಂದಿರುಗಿಸಲು ಇನ್ನು ನಮ್ಮಿಂದಾಗದು.