‘ಇತರ ವ್ಯಕ್ತಿಗಳು’

ಇತಿಹಾಸವನ್ನು ಕನ್ನಡದಲ್ಲಿ ಕಲಿಸುವವನಿಗೆ ಇಸವಿಗಳು ಅಷ್ಟಾಗಿ ತೊಡಕನ್ನೊಡ್ಡುವುದಿಲ್ಲ, ತೊಡಕೆಲ್ಲ ಶಬ್ದಗಳದು. ಅಮೇರಿಕೆಯ ರಾಜ್ಯಘಟನೆಯ ಪಾಠ ಬಂದಾಗಲೆಲ್ಲ ನನಗೆ ಇದರ ಅನುಭವವಾಗಿದೆ. ೧೭೮೭ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸಿದ್ಧವಾದ ಆ ಪತ್ರದಲ್ಲಿ ‘ಗುಲಾಮ’ ಎಂಬ ಶಬ್ದವೇ ಇಲ್ಲ. ಲಕ್ಷಾವಧಿ ಗುಲಾಮರಿದ್ದ ನಾಡು ಅದು. ಆದರೂ ಅವರ ಸುಳಿವು ಬರುವಲ್ಲೆಲ್ಲ ‘ಇತರ ವ್ಯಕ್ತಿಗಳು’ ಎಂದೋ, ‘ಸೇವೆಗೆ ಅಥವಾ ದುಡಿಮೆಗೆ ಒಳಪಟ್ಟ ವ್ಯಕ್ತಿ’ ಎಂದೋ ಬರೆದಿದ್ದಾರೆ. ಮನುಷ್ಯನು ಮನುಷ್ಯನ ಸೊತ್ತಾಗಬಹುದೆಂಬ ಕಲ್ಪನೆಗೆ ಈ ಪತ್ರದಲ್ಲಿ ಎಡೆಗೊಡುವುದು ತಪ್ಪೆಂದು ಆ ಸಭೆಯಲ್ಲಿ ಮ್ಯಾಡಿಸನ್ನನು ನುಡಿದನು. ಅವನ ಮನೆಯಲ್ಲಿಯೂ ಗುಲಾಮರಿದ್ದರು. ಶಬ್ದಕ್ಕೆ ನಾಚಿದವರು ವಸ್ತುವಿಗೆ ನಾಚಲಿಲ್ಲ.

ಇದನ್ನು ಕನ್ನಡದಲ್ಲಿ ಹೇಗೆ ಹೇಳುವುದು? ‘ದಾಸ’ ಎಂದೊಡನೆ ನಮ್ಮ ಮಕ್ಕಳ ಕಣ್ಣೆದುರಿಗೆ ತಂಬೂರಿ ಹಿಡಿದ ಪುರಂದರದಾಸರು ನಿಲ್ಲುತ್ತಾರೆ. ‘ಜೀತ’ ಎಂಬುದು ಹಳಗನ್ನಡದಲ್ಲಿ ಸಂಬಳಕ್ಕೇ ಹೆಸರು. ಅದೇ ಮಾತು ಮುಂದೆ ಬಿಡುಗಡೆಯಿಲ್ಲದ ದುಡಿಮೆಗೆ ಅಂಟಿಕೊಂಡುದು ಭಾಷೆಯ ಕಹಿ ವಿನೋದ. ನಾನಂತೂ ‘ಗುಲಾಮಗಿರಿ’ ಎಂದೇ ಹೇಳುತ್ತೇನೆ. ನಮ್ಮ ಗಡಹಿಂಗ್ಲಜ ಸೀಮೆಯಲ್ಲಿ ಆ ಮಾತು ಮನೆಯ ಕನ್ನಡಕ್ಕೂ ಪೇಟೆಯ ಮರಾಠಿಗೂ ಸಮಾನವಾದುದು.

ಪ್ರತಿನಿಧಿಗಳ ಸಂಖ್ಯೆಯನ್ನು ಗೊತ್ತುಪಡಿಸುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸತಕ್ಕದ್ದು ಎಂಬ ಕರಾರನ್ನು ಒಮ್ಮೆ ವಿವರಿಸುತ್ತಿದ್ದೆ. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, “ಗುರುಗಳೇ, ಹಾಗಾದರೆ ಆ ಐವರಿಗೆ ಕೂಡಿ ಮೂರು ಮತಗಳಿದ್ದವೇ?” ಎಂದು ಕೇಳಿದಳು. ಒಂದೂ ಇರಲಿಲ್ಲ. ಉತ್ತರವನ್ನು ಬಾಯಿಂದ ಹೇಳುವುದಕ್ಕಿಂತ ಹಲಗೆಯ ಮೇಲೆ ಲೆಕ್ಕ ಮಾಡುವುದೇ ಲೇಸೆನಿಸಿತು. ೧೭೯೦ರ ಜನಗಣತಿಯಲ್ಲಿ ವರ್ಜೀನಿಯಾ ಸಂಸ್ಥಾನದ ಸ್ವತಂತ್ರ ಜನರು ಸುಮಾರು ೪,೫೫,೦೦೦. ಗುಲಾಮರು ಸುಮಾರು ೨,೯೨,೦೦೦. ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲು ೧,೭೫,೦೦೦ದಷ್ಟಾಗುತ್ತದೆ. ಆಗ ೩೩,೦೦೦ ಜನಕ್ಕೆ ಒಬ್ಬ ಪ್ರತಿನಿಧಿ. ಸ್ವತಂತ್ರರನ್ನಷ್ಟೇ ಎಣಿಸಿದ್ದರೆ ವರ್ಜೀನಿಯಾಕ್ಕೆ ೧೩ ಸ್ಥಾನಗಳು ಸಲ್ಲಬೇಕಿತ್ತು, ಸಂದದ್ದು ೧೯. ಬೆತ್ತದ ಕೆಳಗೆ ದುಡಿಯುತ್ತಿದ್ದವರ ತಲೆಯೆಣಿಕೆಯಿಂದ ಬೆತ್ತ ಹಿಡಿದವರಿಗೆ ಆರು ಸ್ಥಾನಗಳು ಹೆಚ್ಚಾದವು! ಅಧ್ಯಕ್ಷನನ್ನು ಆರಿಸುವವರ ಸಂಖ್ಯೆಯೂ ಇದೇ ಲೆಕ್ಕವನ್ನು ಅನುಸರಿಸುತ್ತಿತ್ತು. ಮೊದಲ ಐವರು ಅಧ್ಯಕ್ಷರಲ್ಲಿ ನಾಲ್ವರು ವರ್ಜೀನಿಯಾದವರೆಂಬುದನ್ನು ಓದುವಾಗ ಈ ಲೆಕ್ಕವನ್ನೂ ನೆನೆಯಬೇಕು.

ಉತ್ತರ ದಕ್ಷಿಣಗಳ ಬಿರುಕನ್ನು ಹಿಗ್ಗಿಸಿದ್ದು ಹತ್ತಿ. ೧೭೯೩ರಲ್ಲಿ ವ್ಹಿಟ್ನಿ ಎಂಬವನು ಅರಳೆಯಿಂದ ಕಾಳನ್ನು ಬೇರ್ಪಡಿಸುವ ಯಂತ್ರವನ್ನು ರಚಿಸಿದ ಮೇಲೆ ದಕ್ಷಿಣದಲ್ಲಿ ಹತ್ತಿಯ ಹೊಲಗಳು ಹಬ್ಬುತ್ತ ನಡೆದವು. ಇಚಲಕರಂಜಿಯ ಮಗ್ಗದವರ ಮಕ್ಕಳಿಗೆ ಈ ಭಾಗವನ್ನು ಹೆಚ್ಚು ಬಿಡಿಸಿ ಹೇಳಬೇಕಾಗುವುದಿಲ್ಲ. ಒಂದು ಕಡೆ ಯಂತ್ರದ ವೇಗ ಹೆಚ್ಚಿದರೆ ಇನ್ನೊಂದು ಕಡೆ ಯಾರ ಕೈಗಳಿಗೆ ಬಿಡುವು ತಪ್ಪುತ್ತದೆಂಬುದನ್ನು ಅವರು ಮನೆಯಲ್ಲಿಯೇ ಕಲಿತಿರುತ್ತಾರೆ. ೧೭೯೦ರಲ್ಲಿ ೭ ಲಕ್ಷದಷ್ಟಿದ್ದ ಗುಲಾಮರು ೧೮೬೦ಕ್ಕೆ ೪೦ ಲಕ್ಷದ ಹತ್ತಿರಕ್ಕೆ ಬಂದಿದ್ದರು. ನಡುವೆ ೧೮೨೦ರಲ್ಲಿ ನಕಾಶೆಯ ಮೇಲೆ ಒಂದು ಗೆರೆಯೆಳೆದು, ಪಶ್ಚಿಮದ ಹೊಸ ಸೀಮೆಯಲ್ಲಿ ಮಿಸೌರಿಯೊಂದನ್ನುಳಿದು ಗೆರೆಯ ಮೇಲ್ಗಡೆ ಗುಲಾಮಗಿರಿ ಸಲ್ಲದೆಂದು ಒಪ್ಪಂದ ಮಾಡಿಕೊಂಡರು. ಗೆರೆ ಉಳಿಯಲಿಲ್ಲ. ೧೮೬೧ರಿಂದ ೧೮೬೫ರ ವರೆಗೆ ಯುದ್ಧ ನಡೆಯಿತು. ಆ ಯುದ್ಧದ ದೆಸೆಯಿಂದ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬೆಲೆಯೇರಿದ್ದು ಬೇರೊಂದು ಕಥೆ. ೧೮೬೫ರ ತಿದ್ದುಪಡಿಯಲ್ಲಿ ಮೊಟ್ಟಮೊದಲು ‘ಗುಲಾಮಗಿರಿ’ ಎಂಬ ಶಬ್ದವು ಆ ರಾಜ್ಯಘಟನೆಯೊಳಗೆ ಕಾಲಿಟ್ಟಿತು. ಅದನ್ನು ಹೊರಗಟ್ಟುವ ದಿನವೇ ಅದರ ಹೆಸರು ಹೇಳಿದರು.

ಈ ಸುದ್ದಿ ನಮ್ಮ ಕಡೆಗೂ ತಲುಪಿತ್ತು. ಜೋತಿರಾವ್ ಫುಲೆಯವರು ೧೮೭೩ರಲ್ಲಿ ಪ್ರಕಟಿಸಿದ ‘ಗುಲಾಮಗಿರಿ’ ಎಂಬ ಮರಾಠಿ ಪುಸ್ತಕವನ್ನು, ನಿಗ್ರೋ ಜನರನ್ನು ಬಿಡಿಸಿದ ಅಮೇರಿಕೆಯ ಜನರಿಗೆ ಅರ್ಪಿಸಿದ್ದಾರೆ. ಅವರು ನಾಚದೆ ಬಳಸಿದ ಆ ಶಬ್ದವನ್ನು ಓದಿದ ಮೇಲೆ, ನಮ್ಮಲ್ಲಿಯೂ ‘ಇತರ ವ್ಯಕ್ತಿಗಳು’ ಎಂಬಂತಹ ಸೌಮ್ಯವಾದ ಹೆಸರು ಯಾವುದಿದ್ದೀತೆಂದು ಯೋಚಿಸಿದೆ. ‘ವತನ’ ಎಂಬುದು ಹೊಳೆಯಿತು.

ವತನವೆಂದರೆ ಗೌರವ. ಪಾಟೀಲನಿಗೂ ಕುಲಕರ್ಣಿಗೂ ಅದು ಹೊಲ, ಮಾನ, ಅಧಿಕಾರ. ಮಹಾರರಿಗೂ ವತನವಿತ್ತು, ಒಂದು ತುಂಡು ನೆಲ, ಅದಕ್ಕೆ ಪ್ರತಿಯಾಗಿ ಹಗಲಿರುಳೆನ್ನದೆ ಸರಕಾರದ ಚಾಕರಿ. ಮನೆಯ ಹಿರಿಯನಿಗೆ ಆಗದಿದ್ದರೆ ಮಗನೋ ಹೆಂಡತಿಯೋ ಬರಬೇಕು, ಒಲ್ಲೆನೆನ್ನುವಂತಿಲ್ಲ. ಇದು ಅಮೇರಿಕೆಯ ಗುಲಾಮಗಿರಿಯಲ್ಲ. ಇಲ್ಲಿ ಯಾರನ್ನೂ ಸಂತೆಯಲ್ಲಿ ಮಾರಲಿಲ್ಲ, ತಾಯಿಮಕ್ಕಳನ್ನು ಹರಾಜಿನಲ್ಲಿ ಅಗಲಿಸಲಿಲ್ಲ. ಈ ಭೇದವನ್ನು ಹುಡುಗರಿಗೆ ಹೇಳದಿರುವುದು ಅನ್ಯಾಯ. ಆದರೆ ಹುಟ್ಟಿನಿಂದಲೇ ಬಂದ ಕಟ್ಟನ್ನು ಇನಾಮೆಂದು ಕರೆಯುವ ಜಾಣತನವು ಎರಡೂ ಕಡೆ ಒಂದೇ.

ಕೊಲ್ಹಾಪುರದ ಶಾಹೂ ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಮಹಾರ ವತನವನ್ನು ೧೯೧೮ರಲ್ಲಿ ರದ್ದುಗೊಳಿಸಿ, ನೆಲವನ್ನು ಅವರ ಹೆಸರಿನಲ್ಲಿಯೇ ರೈತವಾರಿಯಾಗಿ ಮಾಡಿಸಿದರು. ಬ್ರಿಟಿಷ್ ಮುಂಬಯಿ ಪ್ರಾಂತದಲ್ಲಿ ೧೮೭೪ರ ವತನ ಕಾಯದೆ ಮುಂದುವರಿಯಿತು. ಅದನ್ನು ತಿದ್ದಲು ಡಾ. ಅಂಬೇಡಕರರು ೧೯೨೮ರಲ್ಲಿ ತಂದ ಮಸೂದೆ ಅಂಗೀಕಾರವಾಗಲಿಲ್ಲ. ಗಡಹಿಂಗ್ಲಜ ಕೊಲ್ಹಾಪುರ ಸಂಸ್ಥಾನದ್ದು. ಅದೇ ಹಿರಣ್ಯಕೇಶಿಯ ದಂಡೆಯಲ್ಲಿ ಕೆಳಗಿರುವ ಸಂಕೇಶ್ವರ ಬ್ರಿಟಿಷರ ಬೆಳಗಾವಿ ಜಿಲ್ಲೆಯದು. ಆ ಕಡೆ ಗ್ರಾಮದ ವಂಶಪಾರಂಪರ್ಯ ಚಾಕರಿಯನ್ನು ಕೊನೆಗಾಣಿಸಿದ್ದು ಮೈಸೂರು ರಾಜ್ಯದ ೧೯೬೧ರ ಕಾಯದೆ. ನಕಾಶೆಯ ಗೆರೆಯೊಂದು ನಮ್ಮ ನಡುವೆಯೂ ಹಾದುಹೋಗಿತ್ತು. ರಾಜಾಜ್ಞೆಯಿಂದ ಊರಿನ ರೂಢಿಯು ಮರುದಿನವೇ ಬದಲಾಯಿತೆಂದು ಯಾರೂ ತಿಳಿಯಬೇಕಾಗಿಲ್ಲ. ಆದರೂ ಗೆರೆಯ ಈಚೆ ಒಲ್ಲೆನೆನ್ನಲು ಒಂದು ಆಧಾರವಿತ್ತು.

ಸಂಕೇಶ್ವರದ ಕಡೆ ಹುಟ್ಟಿ ನಮ್ಮ ಊರಿಗೆ ಬಂದು ನೆಲೆಸಿದ ಹಿರಿಯರೊಬ್ಬರನ್ನು ಈ ಬಗ್ಗೆ ಕೇಳಿದೆ. ಅವರ ತಂದೆ ವತನದ ಚಾಕರಿ ಮಾಡಿದವರು. ಸಾಹೇಬರ ಸಾಮಾನು ಹೊರುವುದು, ಪರವೂರಿಗೆ ಸಾವಿನ ಸುದ್ದಿ ಒಯ್ಯುವುದು, ಸತ್ತ ದನ ಎಳೆಯುವುದು ಎಂದು ಬೆರಳು ಮಡಿಸುತ್ತ ಹೇಳಿ, ನಡುವೆಯೇ ನಿಲ್ಲಿಸಿದರು.

“ವತನ ಅನ್ನೂ ಮಾತು ಕೇಳಾಕ ಚಂದ ಐತ್ರಿ ಮಾಸ್ತರ. ಹೊಲ ಇತ್ತು, ಖರೆ. ಬಿತ್ತಾಕ ಹೊತ್ತ ಸಿಗತಿರಲಿಲ್ಲ.”

ತುಸು ತಡೆದು, “ನಮ್ಮಕ್ಕಗ ಎರಡ ಕಡೆಯಿಂದ ವರಾ ಬಂದಿದ್ದು” ಎಂದರು. “ನಮ್ಮಪ್ಪ ಮಹಾರಾಜರ ಸೀಮ್ಯಾಗಿನ ಮನೀನ ಆರಿಸಿದ. ಆ ಮನಿಯವ್ರು ನಮಗಿಂತಾ ಬಡವರು. ಆದ್ರ ಅಲ್ಲಿ ರಾತ್ರಿ ಬಂದು ಯಾರೂ ಬಾಗಲಾ ಬಡಿಯೂದಿಲ್ಲ ಅಂತ ಅವಗ ಯಾರೋ ಹೇಳಿದ್ರು.”